ಕಡಲಿಲ್ಲದ ನಾಡಿನ ಮರಳದಂಡೆ

ಎಳ್ಳ ಅಮಾವಾಸ್ಯೆಯು ನಮ್ಮ ರಾಯಚೂರು ಸೀಮೆಯ ಒಕ್ಕಲು ಮನೆತನಗಳಿಗೆ ಯುಗಾದಿ, ದೀಪಾವಳಿಗಳಷ್ಟೇ ದೊಡ್ಡ ಹಬ್ಬ. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಕಡುಬು, ಶೇಂಗಾದ ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಭೂತಾಯಿಗೆ ಚರಗ ಚೆಲ್ಲಿ, ಅನಂತರ ಬಂಧುಬಳಗದವರೆಲ್ಲ ಕೂಡಿ ಉಣ್ಣುವುದು ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಕಳೆದ ಸಾರಿಯ ಹಬ್ಬಕ್ಕೆ ನಮ್ಮ ಮಗಳು, ಅಳಿಯಂದಿರು ಹಾಗೂ ಒಂಬತ್ತು ವರುಷದ ಮೊಮ್ಮಗಳು ಇಂಗ್ಲೆಂಡಿನಿಂದ ಬಂದಿದ್ದರು. ಬಹಳ ವರುಷಗಳ ಮೇಲೆ ಮನೆ ತುಂಬಿತ್ತು.

ಹಬ್ಬದ ಮರುದಿನ ಮುಂಜಾನೆ ಮೊಮ್ಮಗಳು ನಮ್ಮ ಪಕ್ಕದಲ್ಲಿ ಬಂದು ಕುಳಿತು ಕೇಳಿದಳು: “ಅಜ್ಜಾ, ನಿಮ್ಮ ಊರಾಗ ಬೀಚ್ ಎಲ್ಲಿ ಐತಿ?”

ಅವರು ವಾಸಿಸುವುದು ಇಂಗ್ಲೆಂಡಿನ ನೈರುತ್ಯ ಭಾಗದ ಡೆವನ್ ಸೀಮೆಯಲ್ಲಿ. ಅಲ್ಲಿ ಸ್ಟಾರ್ಟ್ ಪಾಯಿಂಟ್ ಎಂಬ ಭೂಶಿರದಲ್ಲಿ 1836ರಲ್ಲಿ ಕಟ್ಟಿದ ದೀಪಸ್ತಂಭವೊಂದಿದೆ. ಅದರ ಸಮೀಪದಲ್ಲಿರುವ ಮ್ಯಾಟಿಸ್ಕೋಂಬ್ ಎಂಬ ಮರಳದಂಡೆ ಈ ಹುಡುಗಿಗೆ ಬಲು ಅಚ್ಚುಮೆಚ್ಚು. ವಾಹನವನ್ನು ದೂರದಲ್ಲಿ ನಿಲ್ಲಿಸಿ ಹೊಲಗಳ ನಡುವಿನ ಕಾಲುದಾರಿಯಲ್ಲಿ ನಡೆದೇ ಹೋಗಬೇಕು. ಅಂಗಡಿ ಇಲ್ಲ, ಗದ್ದಲವಿಲ್ಲ. ಬಂಡೆ, ಮರಳು, ತೆರೆ, ಹಕ್ಕಿ ಇಷ್ಟೇ. ಅದನ್ನೆಲ್ಲ ಕೈಸನ್ನೆಯೊಂದಿಗೆ ಬಣ್ಣಿಸಿ, ಅಂಥದ್ದನ್ನೇ ಇಲ್ಲಿಯೂ ತೋರಿಸಬೇಕೆಂದು ಅವಳು ಹಟ ಹಿಡಿದಳು.

ರಾಯಚೂರಿನಿಂದ ಮೂಡಣ ಕಡಲೂ ದೂರ, ಪಡುವಣ ಕಡಲೂ ದೂರ. ಏನು ಹೇಳುವುದೆಂದು ನಾವು ತಡವರಿಸುತ್ತಿರುವಾಗ ನಮ್ಮ ಶ್ರೀಮತಿಯವರು ಅಡುಗೆಮನೆಯಿಂದಲೇ ಉತ್ತರ ಕೊಟ್ಟರು: “ಕಡಲಿಲ್ಲದಿದ್ದರ ಏನಾತು, ಉಸುಕಿಲ್ಲೇನು? ಗೂಗಲ್ಲಿಗೆ ಕರಕೊಂಡು ಹೋಗ್ರಿ. ಲಗ್ನಾದ ವರ್ಷ ನಾವು ಹೋಗಿದ್ದಿಲ್ಲೇನು?”

ನಮ್ಮ ಕಣ್ಣ ಮುಂದೆ ನಲವತ್ತು ವರುಷಗಳ ಹಿಂದಿನ ಕೃಷ್ಣೆಯ ದಂಡೆ ಒಮ್ಮೆಲೇ ಬಂದು ನಿಂತಿತು. ಎರಡು ದಿನಗಳ ಪ್ರವಾಸವೆಂದು ನಿಶ್ಚಯಿಸಿದೆವು. ಮೊದಲ ದಿನ ದೇವದುರ್ಗ ತಾಲೂಕಿನ ಗೂಗಲ್ಲಿನಲ್ಲಿ ಕೃಷ್ಣೆ. ಎರಡನೆಯ ದಿನ ಮಾನ್ವಿ ತಾಲೂಕಿನಲ್ಲಿ ತುಂಗಭದ್ರೆ.

ಓದುಗ ಬಂಧುಗಳಿಗೆ ನಮ್ಮ ಸೀಮೆಯ ವಿಷಯವಾಗಿ ಒಂದು ಮಾತು ಹೇಳಬೇಕು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ; ಇವೆರಡರ ನಡುವಿನ ಈ ನೆಲಕ್ಕೆ ಶಾಸನಗಳಲ್ಲಿ ಎಡೆದೊರೆ ನಾಡು ಎಂಬ ಹೆಸರಿದೆ. ಎರಡು ತೊರೆಗಳ ಎಡೆಯ ನಾಡು ಎಂದರ್ಥ. ಈ ಫಲವತ್ತಾದ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದರು. ಅರಸರು ಹೋದರು, ಕೋಟೆಗಳು ಹಾಳಾದವು. ಹೊಳೆಗಳು ಮಾತ್ರ ಹರಿಯುತ್ತಲೇ ಉಳಿದವು. ಕಡಲಿಲ್ಲದ ನಮ್ಮ ನಾಡಿಗೆ ಈ ಎರಡು ಹೊಳೆಗಳ ಮರಳೇ ದಂಡೆ, ಅದೇ ನಮ್ಮ ಕರಾವಳಿ.

ನಸುಕಿನಲ್ಲಿ ಎದ್ದು, ಲಿಂಗಪೂಜೆ ಮುಗಿಸಿ, ಹಬ್ಬದ ಉಳಿದ ಸಜ್ಜೆರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ, ಮೊಸರನ್ನಗಳ ಬುತ್ತಿಯೊಡನೆ ರಾಯಚೂರು ಬಿಟ್ಟೆವು. ಕೋಟೆಯ ಬಳಿ ಮಾತ್ರ ಐದು ನಿಮಿಷ ನಿಂತು, 1294ರಲ್ಲಿ ಆ ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುವ ನಲವತ್ತೊಂದು ಅಡಿ ಉದ್ದದ ಶಾಸನದ ಕಲ್ಲನ್ನು ಮೊಮ್ಮಗಳಿಗೆ ತೋರಿಸಿದೆವು. ಊರು ದಾಟುತ್ತಲೇ ಎರಡೂ ಕಡೆ ಎರೆಹೊಲ. ಒಡೆದ ಅರಳೆ, ಕಾಯಿ ತುಂಬಿದ ತೊಗರಿ, ಮೊಣಕಾಲೆತ್ತರ ಬೆಳೆದ ಹಿಂಗಾರಿ ಜೋಳ, ಅಲ್ಲಲ್ಲಿ ಕಣದಲ್ಲಿ ಹರವಿದ ಕೆಂಪು ಮೆಣಸಿನಕಾಯಿ. ಗಬ್ಬೂರಿನಲ್ಲಿ ಇಳಿದು ಬೂದಿಬಸವೇಶ್ವರ ಮಠದ ದರ್ಶನ ಪಡೆದೆವು. ಚಾಲುಕ್ಯರ ಕಾಲದ ಹಳೆಯ ದೇಗುಲಗಳು ಈ ಊರಿನಲ್ಲಿ ಮನೆಗಳ ನಡುವೆಯೇ ನಿಂತಿವೆ. ಅವನ್ನು ಸಾವಕಾಶವಾಗಿ ನೋಡಲು ಇನ್ನೊಂದು ದಿನವೇ ಬೇಕು. ಹುಡುಗಿಯ ಮನಸ್ಸೆಲ್ಲ ಮರಳಿನಲ್ಲಿತ್ತು, ಮುಂದೆ ಸಾಗಿದೆವು.

ಗೂಗಲ್ಲು ಕೃಷ್ಣೆಯ ದಂಡೆಯ ಹಳ್ಳಿ. ಹನ್ನೆರಡನೆಯ ಶತಮಾನದ ಅಲ್ಲಮಪ್ರಭುಗಳು ಲೋಕಸಂಚಾರ ಮಾಡುತ್ತ ಇಲ್ಲಿಗೆ ಬಂದು ಇಲ್ಲಿನ ಕಲ್ಲುಗವಿಯಲ್ಲಿ ತಂಗಿದ್ದರೆಂದು ಊರವರ ನಂಬಿಕೆ. ಗವಿಗಲ್ಲು ಎಂಬುದೇ ಜನರ ಬಾಯಲ್ಲಿ ಗೂಗಲ್ಲು ಆಯಿತೆಂದು ಹೇಳುತ್ತಾರೆ. ಗುಹೇಶ್ವರನೆಂಬ ಅಂಕಿತದಲ್ಲಿ ವಚನ ನುಡಿದ ಮಹಾಜ್ಞಾನಿಯ ನೆನಪು ಗವಿಯೊಂದರ ಹೆಸರಿನ ಊರಿನಲ್ಲಿ ಉಳಿದಿರುವುದು ಎಷ್ಟು ಸಹಜವೆನಿಸಿತು! ಊರಿನ ಹೆಸರು ಕೇಳಿ ಮೊಮ್ಮಗಳು ನಕ್ಕಳು. ಅವಳ ಶಾಲೆಯ ಗಣಕಯಂತ್ರದಲ್ಲಿ ದಿನವೂ ಕಾಣುವ ಹೆಸರಿನಂತೆಯೇ ಇದೆಯಂತೆ. “ಆ ಹೆಸರು ಮೊನ್ನೆ ಹುಟ್ಟಿದ್ದವ್ವಾ, ಇದು ಎಷ್ಟೋ ಹಳೇದು” ಎಂದು ಪ್ರಭುದೇವರ ಗುಡಿಯಲ್ಲಿದ್ದ ಹಿರಿಯರೊಬ್ಬರು ಹೇಳಿದಾಗ ಎಲ್ಲರೂ ನಕ್ಕೆವು.

ದರ್ಶನ ಮುಗಿಸಿ ಹೊಳೆಗೆ ಇಳಿದೆವು. ನಮ್ಮ ನೆನಪಿನ ದಂಡೆ ಇದ್ದ ಜಾಗದಲ್ಲಿ ಇರಲಿಲ್ಲ. ಈಗ ಗೂಗಲ್ಲಿನಲ್ಲಿ ಕೃಷ್ಣೆಗೆ ಅಡ್ಡಲಾಗಿ ಸೇತುವೆಯೊಡನೆ ಬ್ಯಾರೇಜು ಕಟ್ಟಿದ್ದಾರೆ. ಅದರ ಹಿಂದೆ ನೀರು ನಿಂತಲ್ಲಿ ಹಳೆಯ ಮರಳು ಮುಳುಗಿದೆ. ಕುಡಿಯುವ ನೀರಿಗೂ ಹೊಲಕ್ಕೂ ಅದರ ಪ್ರಯೋಜನವಿರುವುದರಿಂದ ನಾವು ದೂರುವಂತಿಲ್ಲ. ಮೀನು ಹಿಡಿಯುವ ವಯೋವೃದ್ಧ ಅಂಬಿಗರೊಬ್ಬರು ನಮ್ಮ ಪೇಚಾಟ ನೋಡಿ, “ಹಳೇ ಉಸುಕು ನೋಡಬೇಕಾದ್ರ ನನ್ ಕೂಡ ಬರ್ರಿ” ಎಂದು ದಂಡೆಗುಂಟ ಕರೆದುಕೊಂಡು ಹೋದರು. ಅಂಬಿಗರ ಚೌಡಯ್ಯನವರ ಕುಲಕಸುಬಿನವರು ದಾರಿ ತೋರಿಸಿದರೆ ತಪ್ಪೀತೇ? ಅರ್ಧ ಗಂಟೆ ನಡೆದ ಮೇಲೆ ಬಂಡೆಗಳ ಸಾಲೊಂದು ಮುಗಿದು, ಅದರ ಆಚೆಗೆ ಆ ದಂಡೆ ತೆರೆದುಕೊಂಡಿತು.

ಬೆಳ್ಳಗೆ, ಸಣ್ಣಗೆ, ಗಾಳಿ ಗೆರೆ ಕೊರೆದ ಹಾಗೆಯೇ ಬಿದ್ದಿದ್ದ ಮರಳು. ಒಂದು ಹೆಜ್ಜೆಯ ಗುರುತಿಲ್ಲ. ನಸುಕಿನಲ್ಲಿ ಓಡಾಡಿದ ಹಕ್ಕಿಗಳ ಕಾಲಿನ ಸಣ್ಣ ಚುಕ್ಕಿಗಳು ಮಾತ್ರ. ನಡುವೆ ನೀಲಿಯಾದ ತೆಳು ನೀರು, ಅದರಾಚೆಗೆ ಮತ್ತೆ ಮರಳು, ಅದರಾಚೆಗೆ ಶಹಾಪುರ ಕಡೆಯ ದಂಡೆಯ ಗಿಡಗಳು. ಮೊಮ್ಮಗಳು ಚಪ್ಪಲಿ ಕಳಚಿ ಎಸೆದು, “ಇದು ನಮ್ಮ ಬೀಚೇ!” ಎಂದು ಕೂಗಿ ಓಡಿದಳು. ಅಂಬಿಗರು ತಡೆದರು: “ಉಸುಕಿನಾಗ ಎಷ್ಟರ ಆಡವ್ವಾ, ನೀರಿಗೆ ಇಳಿಬ್ಯಾಡ. ಮೊಸಳಿ ಅದಾವು.” ರಾಯಚೂರು ಸೀಮೆಯ ಕೃಷ್ಣೆಯಲ್ಲಿ ಮೊಸಳೆಗಳಿರುವುದು ನಿಜ. ಓದುಗರು ಮಕ್ಕಳೊಡನೆ ಹೋಗುವುದಾದರೆ ಊರವರನ್ನು ಕೇಳದೆ ನೀರಿಗಿಳಿಯಬಾರದೆಂದು ಇಲ್ಲಿಯೇ ಸೂಚಿಸಿಬಿಡುತ್ತೇವೆ. ಮೇಲಿನ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಹೊಳೆ ಬೇಗ ಏರುತ್ತದೆ ಎಂಬುದನ್ನೂ ನೆನಪಿಡಬೇಕು.

ಅಂಬಿಗರು ಕುಳಿತು ಆ ದಂಡೆಯ ಸಮಾಚಾರವನ್ನೆಲ್ಲ ಹೇಳಿದರು. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ನದಿ ರೀವ ಎಂಬ ಹಳದಿ ಕೊಕ್ಕಿನ ಹಕ್ಕಿಗಳು ಈ ಬಯಲು ಮರಳಿನ ಮೇಲೆಯೇ ಮೊಟ್ಟೆಯಿಡುತ್ತವೆ. ಗೂಡಿಲ್ಲ, ಕಡ್ಡಿಯಿಲ್ಲ, ಕಾಲಿನಿಂದ ಕೆದರಿದ ಸಣ್ಣ ತಗ್ಗೇ ಗೂಡು. ಮರಳಿನ ಬಣ್ಣದ್ದೇ ಮೊಟ್ಟೆ. ತಿಳಿಯದವರು ತುಳಿದೇ ಹೋಗುತ್ತಾರೆ. ಬೇಸಗೆಯಲ್ಲಿ ಹಿಂದೆಲ್ಲ ಬಡವರು ಹೊಳೆಯ ಮರಳಿನಲ್ಲಿ ಗುಣಿ ತೋಡಿ ಗೊಬ್ಬರ ಹಾಕಿ ಕಲ್ಲಂಗಡಿ, ಸೌತೆ ಬೆಳೆಯುತ್ತಿದ್ದರು. ಹೊಲವಿಲ್ಲದವರಿಗೆ ಹೊಳೆಯೇ ನಾಲ್ಕು ತಿಂಗಳ ಹೊಲವಾಗಿತ್ತು.

ಮಾತಾಡುತ್ತಲೇ ಅವರು ನೀರಿನಿಂದ ಹತ್ತು ಮಾರು ದೂರದಲ್ಲಿ ಕೈಯಿಂದ ಮರಳು ಸರಿಸತೊಡಗಿದರು. ಮೊಳಕೈ ಆಳ ಹೋಗುವಷ್ಟರಲ್ಲಿ ತಳದಲ್ಲಿ ತೇವ ಮೂಡಿತು. ಬಳಿಕ ಒರತೆ ಒಸರಿತು. ಮೊದಲ ಕಲಕು ನೀರನ್ನು ಬೊಗಸೆಯಿಂದ ಚೆಲ್ಲಿ, ಎರಡನೆಯದನ್ನೂ ಚೆಲ್ಲಿ, ಮೂರನೆಯದಕ್ಕೆ “ನೋಡ್ರಿ” ಎಂದರು. ಕನ್ನಡಿಯಂಥ ತಿಳಿನೀರು. ನಮ್ಮ ತಾಯಿಯವರ ಕಾಲದಲ್ಲಿ ಹೊಳೆದಂಡೆಯ ಹಳ್ಳಿಗಳೆಲ್ಲ ಬೇಸಗೆಯಲ್ಲಿ ಕುಡಿದದ್ದು ಇಂಥ ಒರತೆಯ ನೀರನ್ನೇ. ಚಿಪ್ಪಿನಿಂದ ತೋಡಿ ಕೊಡ ತುಂಬಿ, ಅರಿವೆಯಿಂದ ಸೋಸಿ, ತಲೆಯ ಮೇಲೆ ಹೊತ್ತು ತರುತ್ತಿದ್ದರು.

ಮೊಮ್ಮಗಳಿಗೆ ಇದು ಜಾದೂವಿನಂತೆ ಕಂಡಿತು. ಅಳಿಯಂದಿರು ನೀರಿನ ವಿಜ್ಞಾನ ಓದಿದವರು, ಅವರು ವಿವರಿಸಿದರು. ಮರಳಿನ ಕಾಳುಗಳು ಒಂದರ ಮೇಲೊಂದು ಕೂತಾಗ ನಡುವೆ ಸಂದು ಉಳಿಯುತ್ತದೆ. ನೂರು ಕೊಡದಷ್ಟು ಮರಳಿದ್ದರೆ ಅದರ ಸಂದುಗಳಲ್ಲಿ ಸುಮಾರು ಮೂವತ್ತು ಕೊಡ ನೀರು ಅಡಗಬಲ್ಲದು. ಮೇಲಿನ ಪದರ ಒಣಗಿದರೂ ಒಳಗಿನದು ಬಿಸಿಲಿಗೆ ಆರುವುದಿಲ್ಲ. ಮಳೆಗಾಲದಲ್ಲಿ ಹೊಳೆಯಿಂದ ಹೀರಿದ ನೀರನ್ನು ಅದು ದಂಡೆಯ ಬಾವಿಗಳಿಗೆ ಮೆಲ್ಲಗೆ ದಾಟಿಸುತ್ತದೆ. “ಅಂದರೆ ಇದು ಹೊಳೆಯ ಹಗೇವು ಅನ್ನಿ” ಎಂದರು ಶ್ರೀಮತಿಯವರು. ಅಂಗಳದಲ್ಲಿ ನೆಲದೊಳಗೆ ತೋಡಿ, ಸುಗ್ಗಿಯ ಜೋಳವನ್ನು ಬರಗಾಲಕ್ಕೆಂದು ತುಂಬಿಟ್ಟು ಬಾಯಿ ಮುಚ್ಚುತ್ತಿದ್ದ ಹಗೇವನ್ನು ಕಂಡು ಬೆಳೆದವರು ನಾವು. ಇದಕ್ಕಿಂತ ಒಳ್ಳೆಯ ಹೋಲಿಕೆ ಇರಲಾರದು.

ಬುತ್ತಿ ಬಿಚ್ಚಿದೆವು. ಹೊಲದಲ್ಲಿ ಮಾಡಿದಂತೆಯೇ ಮೊದಲ ತುತ್ತನ್ನು ಹೊಳೆಯ ಮರಳಿಗೆ ಚರಗವಾಗಿ ಚೆಲ್ಲಿ, ಅಂಬಿಗರನ್ನೂ ಕೂಡಿಸಿಕೊಂಡು ಉಂಡೆವು. ಆ ನಿಶ್ಶಬ್ದದಲ್ಲಿ ಶಿವಧ್ಯಾನಕ್ಕೆ ಕುಳಿತ ಅರ್ಧ ಗಂಟೆ ನಮ್ಮ ಈ ವಯಸ್ಸಿನ ದೊಡ್ಡ ಸಂಪತ್ತು. ಹೊರಡುವಾಗ ಮೊಮ್ಮಗಳು ತನ್ನ ನೀರಿನ ಬಾಟಲಿಗೆ ಮರಳು ತುಂಬಿಕೊಂಡಳು. ತನ್ನೂರಿನ ಗೆಳತಿಯರಿಗೆ ತೋರಿಸಬೇಕಂತೆ.

ಹಿಂತಿರುಗುವ ದಾರಿಯಲ್ಲಿ ಅಳಿಯಂದಿರು ಒಂದು ಕಥೆ ಹೇಳಿದರು. ಕಟ್ಟುಕಥೆಯಲ್ಲ, ನಡೆದದ್ದು. ಮೊಮ್ಮಗಳ ಆ ಪ್ರೀತಿಯ ದಂಡೆಯ ಸನಿಹದಲ್ಲಿಯೇ ಹಾಲ್‌ಸ್ಯಾಂಡ್ಸ್ ಎಂಬ ಬೆಸ್ತರ ಹಳ್ಳಿಯೊಂದಿತ್ತು. ಬಂಡೆಯ ಬುಡದಲ್ಲಿ ಮೂವತ್ತೇಳು ಮನೆಗಳು. ಅವುಗಳ ಮುಂದೆ ನುರುಜು, ಮರಳುಗಳ ಅಗಲವಾದ ದಂಡೆ. ಪ್ಲಿಮತ್ ಬಂದರಿನ ನೌಕಾಪಡೆಯ ಹಡಗುಕಟ್ಟೆಯನ್ನು ವಿಸ್ತರಿಸಲು ಕಾಂಕ್ರೀಟು ಬೇಕಾಯಿತು. 1897ರಲ್ಲಿ ಸರಕಾರದ ಅನುಮತಿಯಿಂದಲೇ ಆ ಹಳ್ಳಿಯ ಮುಂದಣ ಸಮುದ್ರದ ತಳದಿಂದ ನುರುಜನ್ನು ಬಾಚತೊಡಗಿದರು. ಕಡಲು ಮತ್ತೆ ತಂದು ತುಂಬುತ್ತದೆ ಎಂದು ತಿಳಿದವರ ಭರವಸೆ. ಕಡಲು ತುಂಬಲಿಲ್ಲ, ದಂಡೆಯೇ ಜಾರಿ ತಗ್ಗಿಗೆ ಇಳಿಯಿತು. ಬೆಸ್ತರು ಮೊರೆಯಿಟ್ಟ ಮೇಲೆ 1902ರಲ್ಲಿ ಬಾಚುವುದು ನಿಂತಿತು. ಅಷ್ಟರಲ್ಲಿ ಆರೂವರೆ ಲಕ್ಷ ಟನ್ನಿನಷ್ಟು ಹೋಗಿತ್ತು. 1917ರ ಜನವರಿಯ ಒಂದು ರಾತ್ರಿ ಬಿರುಗಾಳಿ, ಭರತಗಳು ಕೂಡಿ ಬಂದಾಗ ತಡೆಯಲು ದಂಡೆಯೇ ಇರಲಿಲ್ಲ. ಜೀವಹಾನಿಯಾಗಲಿಲ್ಲವೆಂಬುದೊಂದೇ ಸಮಾಧಾನ. ವಾಸಕ್ಕೆ ಯೋಗ್ಯವಾಗಿ ಉಳಿದದ್ದು ಒಂದೇ ಮನೆ. ಇಂದಿಗೂ ಆ ಹಾಳುಗೋಡೆಗಳನ್ನು ಮೇಲಿನ ಬಂಡೆಯಿಂದ ಜನ ನೋಡುತ್ತಾರಂತೆ.

ಆ ಕಥೆಯ ಅರ್ಥ ನಮಗೆ ಪೂರ್ತಿ ತಿಳಿದದ್ದು ಮರುದಿನ.

ಮಾನ್ವಿ ರಾಯಚೂರಿನ ನೈರುತ್ಯಕ್ಕೆ ಸುಮಾರು ಐವತ್ತು ಕಿಲೋಮೀಟರಿನ ದಾರಿ. ಜಗನ್ನಾಥದಾಸರು ಬಾಳಿದ ಊರು. ತಾಲೂಕಿನ ತುಂಗಭದ್ರೆಯ ದಂಡೆಯಲ್ಲಿರುವ ಚೀಕಲಪರ್ವಿ ವಿಜಯದಾಸರು ಹುಟ್ಟಿದ ಊರು. ಶರಣರ ಹಾಗೂ ದಾಸರ ನುಡಿಗಳೆರಡನ್ನೂ ಈ ಹೊಳೆಗಳ ದಂಡೆ ಕೇಳಿದೆ. ನಾವು ಹೋದದ್ದು ಅದೇ ನದಿಯ ದಂಡೆಯ ಬೇರೊಂದು ಹಳ್ಳಿಗೆ. ಅದರ ಹೆಸರು ಇಲ್ಲಿ ಬೇಡ. ಮೂವತ್ತು ವರುಷಗಳ ಹಿಂದೆ ಬಂಧುಗಳ ಮನೆಯ ಲಗ್ನಕ್ಕೆ ಹೋದಾಗ ನಿಬ್ಬಣದವರೆಲ್ಲ ಬೆಳುದಿಂಗಳಲ್ಲಿ ಅಲ್ಲಿನ ಮರಳಿನ ಮೇಲೆಯೇ ಮಲಗಿದ್ದೆವು. ಹಾಸಿಗೆಯೇ ಬೇಕಾಗಿರಲಿಲ್ಲ.

ಈಗ ಅಲ್ಲಿ ಕಂಡದ್ದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಹೊಳೆಗೆ ಇಳಿಯುವ ದಾರಿಯುದ್ದಕ್ಕೂ ದೊಡ್ಡ ಗಾಲಿಗಳ ಗುರುತು. ಮರಳಿದ್ದಲ್ಲಿ ಆಳಾಳ ತೆಗ್ಗುಗಳು. ಕೆಲವು ಒಣಗಿದ್ದವು, ಕೆಲವುಗಳಲ್ಲಿ ಹಸುರುಗಟ್ಟಿದ ನೀರು. ನಡುನಡುವೆ ಕಪ್ಪು ಜೇಡಿಯೂ ಕಲ್ಲೂ ಹಲ್ಲು ಕಿರಿದಂತೆ ಮೇಲೆದ್ದಿದ್ದವು. ಸೀಮೆಜಾಲಿ ಬೆಳೆದು ಅರ್ಧ ಹೊಳೆಯನ್ನು ಮುಚ್ಚಿತ್ತು.

ಮೊಮ್ಮಗಳು ಎಂದಿನಂತೆ ಮುಂದೆ ಓಡಿದಳು. ಒಂದು ಅಂಚಿನಲ್ಲಿ ನಿಂತು ತಿರುಗಿ ನಮ್ಮನ್ನು ಕರೆಯುತ್ತಿದ್ದವಳ ಕಾಲ ಕೆಳಗಿನ ಮರಳು ಸದ್ದಿಲ್ಲದೆ ಕುಸಿಯಿತು. ನಡುವಿನವರೆಗೆ ಜಾರಿದವಳು ಕೂಗಲಿಕ್ಕೂ ಆಗದೆ ಕೈಚಾಚಿದಳು. ನಾವು ಇಪ್ಪತ್ತು ಹೆಜ್ಜೆ ಹಿಂದಿದ್ದೆವು. ಅಲ್ಲಿ ಕುರಿ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಬಂದು ತನ್ನ ಕೋಲನ್ನು ಅಡ್ಡಹಾಕಿ, ಹುಡುಗಿಯ ರಟ್ಟೆ ಹಿಡಿದು ಎಳೆದುಕೊಂಡಳು. ಕೆಳಗೆ ಮೂರಾಳು ಆಳದ ನೀರಿತ್ತು. ಶ್ರೀಮತಿಯವರು ಬಂದು ಮಗುವನ್ನು ತಬ್ಬಿಕೊಂಡವರು ಬಹಳ ಹೊತ್ತು ಮಾತಾಡಲಿಲ್ಲ. ಶಿವನೇ ಆ ತಾಯಿಯ ರೂಪದಲ್ಲಿ ಬಂದನೆಂದು ನಾವು ಕೈಮುಗಿದರೆ ಆಕೆ ಕೈ ಅಲ್ಲಾಡಿಸಿದಳು: “ನನಗ್ಯಾಕ ಕೈ ಮುಗೀತೀರಿ? ಹೊಳಿ ತುಂಬಿದಾಗ ಈ ತೆಗ್ಗು ಕಾಣಂಗಿಲ್ರಿ. ಮ್ಯಾಲೆ ಮೊಣಕಾಲು ನೀರಿನಂಗ ಕಾಣ್ತದ, ಒಳಗ ಪಾತಾಳ. ದನ ಹೋಗ್ಯಾವು, ಮಂದಿ ಹೋಗ್ಯಾರ.”

ಆಕೆಯ ಗುಡಿಸಲ ಮುಂದೆ ಕುಳಿತು ನೀರು ಕುಡಿದೆವು. ಕೊಳವೆಬಾವಿಯ ನೀರು, ಸಪ್ಪೆ, ಸವುಳು. ಮೊದಲು ದಂಡೆಯ ಬಾವಿಯಲ್ಲಿ ಬೇಸಗೆಯಲ್ಲಿಯೂ ಕೈಗೆಟಕುವಂತೆ ನೀರಿರುತ್ತಿತ್ತೆಂದೂ, ಮರಳು ಹೋದ ಬಳಿಕ ಬಾವಿ ಇಳಿಯುತ್ತ ಹೋಯಿತೆಂದೂ ಆಕೆ ಹೇಳಿದಳು. “ಉಸುಕಿದ್ರ ಹೊಳಿ. ಉಸುಕು ಹೋದ್ರ ಬರೇ ತೆಗ್ಗು” ಎಂದಳು. ಅಳಿಯಂದಿರು ಹಿಂದಿನ ದಿನ ಅಷ್ಟು ಹೊತ್ತು ವಿವರಿಸಿದ್ದನ್ನು ಆಕೆ ಎರಡು ಮಾತಿನಲ್ಲಿ ಮುಗಿಸಿದ್ದಳು.

ಹೋದ ಮರಳು ತಿರುಗಿ ಬಾರದೇ ಎಂದು ಓದುಗರು ಕೇಳಬಹುದು. ಮಲೆನಾಡಿನಿಂದ ಹೊಳೆ ಹರಿದು ಬರುವಾಗ ಬಂಡೆಗಳನ್ನು ಒಡೆದು, ಉಜ್ಜಿ, ಮೆತ್ತಗಿನದನ್ನು ಕೆಸರಾಗಿಸಿ, ಗಟ್ಟಿಯಾದ ಬೆಣಚುಕಲ್ಲಿನ ಕಾಳುಗಳನ್ನು ಮರಳಾಗಿ ಉಳಿಸುತ್ತದೆ. ಸಾವಿರಾರು ವರುಷಗಳ ಕಾಯಕ ಅದು. ಮೇಲಾಗಿ ಈಗ ದಾರಿಯಲ್ಲಿ ಅಣೆಕಟ್ಟುಗಳಿವೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯಕ್ಕೆ ಆಗ 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105. ಮೇಲಿನಿಂದ ಬರಬೇಕಾದದ್ದರಲ್ಲಿ ಬಹುಪಾಲು ಅಲ್ಲಿಯೇ ನಿಂತಿತು. ಹಗೇವಿಗೆ ಹೊಸ ಕಾಳು ಬೀಳುತ್ತಿಲ್ಲ. ತೆಗೆಯುವ ಕೈಗಳು ಮಾತ್ರ ಹೆಚ್ಚಾದವು.

ಕಾನೂನಿಲ್ಲವೆಂದಲ್ಲ. ಸಣ್ಣ ಜಾಗದಲ್ಲಿ ಮರಳು ತೆಗೆಯುವುದಕ್ಕೂ ಪರಿಸರದ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಹೇಳಿತು. ಮಳೆಗಾಲದಲ್ಲಿ ತೆಗೆಯಬಾರದು, ಮೂರು ಮೀಟರಿಗಿಂತ ಆಳ ಹೋಗಬಾರದು ಎಂಬ ಮಾರ್ಗಸೂಚಿಯನ್ನು ಕೇಂದ್ರ ಸರಕಾರ 2016ರಲ್ಲಿ ಹೊರಡಿಸಿತು. ಆದರೆ ಬರೆದದ್ದನ್ನು ಪಾಲಿಸಲು ಹೋದವರ ಪಾಡು ಏನು? 2018ರ ಡಿಸೆಂಬರಿನಲ್ಲಿ ಇದೇ ಮಾನ್ವಿ ತಾಲೂಕಿನಲ್ಲಿ ಅಕ್ರಮ ಮರಳು ಸಾಗಣೆಯನ್ನು ತಡೆಯಲು ನಿಂತ ಗ್ರಾಮಲೆಕ್ಕಿಗರೊಬ್ಬರು ಮರಳಿನ ಲಾರಿಗೆ ಸಿಕ್ಕು ಪ್ರಾಣ ಕಳೆದುಕೊಂಡರು. ಅದು ಅವರ ಕಾಯಕವಾಗಿತ್ತು. ಆ ಕಾಯಕದಲ್ಲಿಯೇ ಅವರು ಮಡಿದರು.

ಅಂದು ರಾತ್ರಿ ರಾಯಚೂರಿಗೆ ಹಿಂತಿರುಗಿ ಹಾಸಿಗೆಯಲ್ಲಿ ಮಲಗಿದರೂ ನಿದ್ರೆ ಬರಲಿಲ್ಲ. ಆ ತೆಗ್ಗನ್ನು ತೋಡಿದವರು ಯಾರೆಂದು ಮನಸ್ಸು ಶಪಿಸುತ್ತಿತ್ತು. ಎದ್ದು ದೀಪ ಹಾಕಿ, ಹಳೆಯ ಖರ್ಚಿನ ವಹಿಯನ್ನು ತೆರೆದೆವು. ಈ ಮನೆಯನ್ನು ಕಟ್ಟಿಸಿದ್ದು 1996ರಲ್ಲಿ. ನಮ್ಮದೇ ಅಕ್ಷರದಲ್ಲಿ ಬರೆದಿತ್ತು: ಹೊಳೆ ಉಸುಕು, ಲಾರಿ ಹದಿನಾಲ್ಕು. ಯಾವ ಹೊಳೆ, ಯಾವ ದಂಡೆ, ಪರವಾನಗಿ ಇತ್ತೇ, ಇಲ್ಲವೇ ಎಂದು ಅಂದು ನಾವು ಕೇಳಿರಲಿಲ್ಲ. ಕೇಳಿದ್ದು ದರವನ್ನು ಮಾತ್ರ. ಜಂಗಮರ ಪಾದಪೂಜೆ ಮಾಡಿ, ಗುರುಪ್ರವೇಶದ ದಾಸೋಹ ನಡೆಸಿ ಒಳಹೊಕ್ಕ ಮನೆ ಇದು. ಇದರ ಗೋಡೆಯೊಳಗೆ ಯಾರ ಬಾವಿಯ ನೀರಿದೆಯೋ! ಅಷ್ಟೇ ಅಲ್ಲ, ಇದೇ ವರುಷ ಮೇಲಂತಸ್ತು ಕಟ್ಟಿಸಬೇಕೆಂದು ಗುತ್ತಿಗೆದಾರರಿಗೆ ಹೇಳಿದ್ದೆವು. “ನಮಗ ಹೊಳೀ ಉಸುಕೇ ಬೇಕು” ಎಂದು ಹಟ ಮಾಡಿದವರೂ ನಾವೇ.

ನಮ್ಮ ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲಿ ಅಮರೇಶ್ವರ ಕ್ಷೇತ್ರವಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಶರಣದಂಪತಿಗಳು ಅಲ್ಲಿಯವರೇ. ಕಲ್ಯಾಣಕ್ಕೆ ಹೋಗಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕವಾಗಿತ್ತು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಒಲೆ ಹೊತ್ತಿಸಲಿಲ್ಲ. ಇದು ನಮ್ಮ ನಿತ್ಯದ ಅಳತೆಯಲ್ಲ, ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಪತಿಯನ್ನು ಹಿಂದಕ್ಕೆ ಕಳಿಸಿದರು. ಆ ಅಕ್ಕಿ ಕದ್ದದ್ದಲ್ಲ, ನೆಲಕ್ಕೆ ಬಿದ್ದದ್ದು. ಆದರೂ ಬೇಕಾದದ್ದಕ್ಕಿಂತ ಹೆಚ್ಚೆಂಬುದೇ ಆ ತಾಯಿಯ ಕಣ್ಣಿಗೆ ದೋಷವಾಗಿ ಕಂಡಿತು. ಈ ಕಥೆಯನ್ನು ನಾವು ಎಷ್ಟು ಪುರಾಣ, ಪ್ರವಚನಗಳಲ್ಲಿ ಕೇಳಿ ತಲೆದೂಗಿಲ್ಲ! ಹೊಳೆಯ ಮುಂದೆ ನಿಂತಾಗ ಮಾತ್ರ ಅದು ನೆನಪಾಗಲಿಲ್ಲ.

ಮರಳು ಯಾರಿಗೂ ಬೇಡವೆಂದು ನಾವು ಹೇಳುವುದಿಲ್ಲ. ಸೂರಿಲ್ಲದ ಬಡವನಿಗೂ ಎರಡು ಕೋಣೆಯ ಮನೆ ಬೇಕು. ಬುಟ್ಟಿ ಹೊತ್ತು ಟ್ರ್ಯಾಕ್ಟರು ತುಂಬುವ ಕೂಲಿಯವನ ಮನೆಯ ಒಲೆಯೂ ಉರಿಯಬೇಕು. ಜಗತ್ತಿನಲ್ಲಿ ನೀರನ್ನು ಬಿಟ್ಟರೆ ಮನುಷ್ಯರು ಅತಿ ಹೆಚ್ಚು ಬಳಸುವ ವಸ್ತು ಮರಳು, ನುರುಜುಗಳೇ ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗ ಹೇಳಿದೆ. ಬಂಡೆ ಒಡೆದು ಮಾಡುವ ಎಂ-ಸ್ಯಾಂಡ್ ಬಂದಿದೆ. ಗೋಡೆಗೂ ಗಿಲಾವಿಗೂ ಅದು ನಡೆಯುತ್ತದೆ. ಆದರೆ ಅದಕ್ಕೂ ಒಂದು ಗುಡ್ಡ ಕರಗಬೇಕು. ಆದುದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವ ಉಸುಕು ಎಂಬುದಲ್ಲ, ಎಷ್ಟು ಎಂಬುದು. ಬೆಳಗಾಗುವಷ್ಟರಲ್ಲಿ ನಾವು ದಂಪತಿಗಳು ಕೂಡಿ ತೀರ್ಮಾನಿಸಿದೆವು. ಮಕ್ಕಳು ಎರಡು ವರುಷಕ್ಕೊಮ್ಮೆ ಬಂದು ಮೂರು ವಾರ ಇರುವ ನಮಗೆ ಮೇಲಂತಸ್ತಿನ ನಾಲ್ಕು ಕೋಣೆ ಏಕೆ? ಒಂದು ಕೋಣೆ ಸಾಕು, ಅದೂ ಎಂ-ಸ್ಯಾಂಡಿನಲ್ಲಿ. ಮಠಗಳ ಕಟ್ಟಡ, ಸಮುದಾಯ ಭವನ, ಪ್ರಸಾದ ನಿಲಯಗಳನ್ನು ಕಟ್ಟಿಸುವ ಹಿರಿಯರೂ ದೇಣಿಗೆಯ ಲೆಕ್ಕ ಕೇಳುವಂತೆ ಉಸುಕಿನ ಪರವಾನಗಿಯನ್ನೂ ಒಮ್ಮೆ ಕೇಳಲಿ ಎಂದು ಕೈಮುಗಿದು ಬೇಡುತ್ತೇವೆ.

ಮಕ್ಕಳು ಹಿಂದಿರುಗುವ ಹಿಂದಿನ ದಿನ ಮೊಮ್ಮಗಳು ಗೂಗಲ್ಲಿನ ಮರಳಿನ ಬಾಟಲಿಯನ್ನು ಹಿಡಿದು ಬಂದಳು. “ಅಜ್ಜಾ, ಆ ಉಸುಕಿನ ಅಜ್ಜಿ ಊರಿಗೆ ಇನ್ನೊಮ್ಮೆ ಹೋಗೋಣು” ಎಂದಳು. ಅಷ್ಟು ಹೆದರಿದ ಜಾಗಕ್ಕೆ ಏಕೆಂದು ನಾವು ಕೇಳಿದರೆ ಬಾಟಲಿಯನ್ನು ತೋರಿಸಿದಳು. ನಾವು ಮಾತಾಡದೆ ಗಾಡಿ ತೆಗೆದೆವು.

ಈ ಸಾರಿ ಅವಳ ಕೈಯನ್ನು ಮುದುಕಿಯೇ ಹಿಡಿದುಕೊಂಡಿದ್ದಳು. ಅಂಚಿನಿಂದ ದೂರ ನಿಂತು, ಒಣಗಿದ ಒಂದು ತೆಗ್ಗಿನೊಳಕ್ಕೆ ಮೊಮ್ಮಗಳು ಬಾಟಲಿಯನ್ನು ಬೋರಲು ಮಾಡಿದಳು. ಕೃಷ್ಣೆಯ ಒಂದು ಹಿಡಿ ಮರಳು ತುಂಗಭದ್ರೆಯ ತೆಗ್ಗಿನಲ್ಲಿ ಬಿತ್ತು. ಮುಂದೆ ಎರಡೂ ಒಂದಾಗುವ ಹೊಳೆಗಳೇ ತಾನೇ. ತೆಗ್ಗು ತುಂಬಲಿಲ್ಲ, ತುಂಬಿದ್ದು ಅಂಗೈಯಷ್ಟು ಜಾಗ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಇಷ್ಟಾದ್ರೂ ತಂದು ಹಾಕಿದಾಕಿ ನೀನೊಬ್ಬಾಕೀ ನೋಡವ್ವಾ” ಎಂದಳು.